ಸಿಸ್ಟರ್ ಮನೆ ಬಾಗಿಲಲ್ಲಿ ಕೆಮ್ಮಿದ್ದು

"ಎಂತ ಮಾರಾಯ, ಸ್ಟೇಜಲ್ಲಿ ನನ್ನ ನಕಲು ಮಾಡಿದ್ದು ಸಾಕಾಗ್ಲಿಲ್ವಾ?" ದೋಹಾದ ಅಲ್ ಮುಂತಜಾ ಬಡಾವಣೆಯಲ್ಲಿ ಹಳೆಯ ಫ್ಲಾಟೊಂದರ ಬಾಗಿಲು ತೆರೆದ ಸಿಸ್ಟರ್ ನಗುತ್ತಾ ಕೇಳಿದರು. ಅವರು ಮಕ್ಕಳ ವಾರ್ಡಿನ ನರ್ಸ್, ಉಡುಪಿ ಕಡೆಯವರು. ಇಲ್ಲಿನ ನಮ್ಮ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಅವರ ನಡಿಗೆ, ಮಾತು ಎಲ್ಲವನ್ನೂ ಅಣಕಿಸಿ ಚಪ್ಪಾಳೆ ಗಿಟ್ಟಿಸಿದವನು ನಾನೇ.

ಅಂದು ಶುಕ್ರವಾರ, ಕ್ಲಿನಿಕ್ ಮುಚ್ಚಿತ್ತು. ಅಣ್ಣನ ಒಂದೂವರೆ ವರ್ಷದ ಮಗಳು ಬೆಳಿಗ್ಗೆಯಿಂದ ಕೆಮ್ಮುತ್ತಿದ್ದಳು. ಮನೆಯಲ್ಲಿ ಎಲ್ಲರೂ ಶೀತ ಎಂದರು. ಊರಿನವರ ಕೆಮ್ಮುಗಳನ್ನೆಲ್ಲ ಕದ್ದು ಕಲಿತಿದ್ದ ನನಗೆ ಇದು ಕೇಳಿದ ಕೆಮ್ಮಾಗಿರಲಿಲ್ಲ. ಸಿಸ್ಟರ್ ಸಿಗದೆ ಹಿಂತಿರುಗುವುದಿಲ್ಲವೆಂದು ಹೊರಟೆ. ಅಲ್ ಮುಂತಜಾದಲ್ಲಿದ್ದಾರೆ ಎಂಬುದು ಬಿಟ್ಟರೆ ಫೋನ್ ನಂಬರಾಗಲಿ, ಕಟ್ಟಡದ ಹೆಸರಾಗಲಿ ಗೊತ್ತಿಲ್ಲದೆ ಹದಿನಾಲ್ಕು ಬಾಗಿಲು ತಟ್ಟಿದೆ. ಒಂದೆರಡು ಕಡೆ ಬೈಗುಳ ಸಿಕ್ಕಿತು. ಅದರ ಧಾಟಿಯನ್ನು ಮುಂದಿನ ಕಾರ್ಯಕ್ರಮಕ್ಕೆಂದು ಇಟ್ಟುಕೊಂಡೆ.

"ಇವತ್ತು ನಿಮ್ಮದಲ್ಲ ಸಿಸ್ಟರ್, ಪಾಪುವಿನ ನಕಲು" ಎಂದು ಅಲ್ಲೇ ನಿಂತು ಕೆಮ್ಮಿದೆ. ನಾಯಿ ಬೊಗಳಿದಂತೆ ಎರಡು ಸಲ, ಆಮೇಲೆ ಉಸಿರೆಳೆದುಕೊಳ್ಳುವಾಗ ಕೀರಲು ಸದ್ದು.

ಅವರ ನಗು ನಿಂತಿತು. "ಸುಮ್ನೆ ಮಲಗಿದ್ದಾಗಲೂ ಈ ಸದ್ದು ಉಂಟಾ?"

ಹೌದೆಂದೆ.

"ಇದು ಬರೀ ಶೀತ ಅಲ್ಲ, ಒಳಗೆ ಗಂಟಲು ಬಾತಿದೆ. ಯಲ್ಲಾ, ಬೇಗ ಹೊರಡು, ಕಾರು ತೆಗಿ" ಎಂದು ಚಪ್ಪಲಿ ಮೆಟ್ಟಿದರು. ನಮ್ಮ ಮನೆಯಿಂದ ಆಸ್ಪತ್ರೆಯವರೆಗೂ ಮಗುವನ್ನು ಎದೆಗೆ ಆನಿಸಿಕೊಂಡೇ ಕೂತಿದ್ದರು. ಅಲ್ಲಿ ಔಷಧಿ ಕೊಟ್ಟ ಮೇಲೆ, ಸಂಜೆಯ ಹೊತ್ತಿಗೆ ಅವಳು ಸರಾಗವಾಗಿ ಉಸಿರಾಡುತ್ತಿದ್ದಳು.

ಈಗಲೂ ವೇದಿಕೆಯಲ್ಲಿ ಎಲ್ಲರನ್ನೂ ಅಣಕಿಸುತ್ತೇನೆ. ಸಿಸ್ಟರ್ ಮುಂದಿನ ಸಾಲಿನಲ್ಲಿ ಕೂತು ತಮ್ಮದೇ ನಡಿಗೆ ನೋಡಿ ನಗುತ್ತಾರೆ. ಆ ಕೆಮ್ಮನ್ನು ಮಾತ್ರ, ಯಾರು ಎಷ್ಟು ಕೇಳಿದರೂ, ಮತ್ತೆ ಮಾಡಿಲ್ಲ.