ಹುಸೇನ್ ಮಿಸ್ತ್ರಿ ಆರಿಸಿದ ಎಂಜಿನ್

ಸಿಂಧನೂರಿನ ಹುಸೇನ್ ಮಿಸ್ತ್ರಿಗೆ ವಾಸನೆ ತಿಳಿಯುತ್ತಿರಲಿಲ್ಲ. ಪೆಟ್ರೋಲಿಗೂ ಸೀಮೆಎಣ್ಣೆಗೂ ವ್ಯತ್ಯಾಸ ಗೊತ್ತಾಗದವರು ಎಂಜಿನ್ ರಿಪೇರಿಯ ಅಂಗಡಿ ಇಟ್ಟದ್ದು ಅವರ ಧೈರ್ಯ. ಅಲ್ಲಿಗೇ ಹೋಗುತ್ತಿದ್ದದ್ದು ನಮ್ಮ ಧೈರ್ಯ. ಡಬ್ಬಿಯನ್ನು ಗಿರಾಕಿಯ ಮೂಗಿಗೆ ಹಿಡಿದು, "ಮೂಸಿ ನೋಡ್ರಿ, ಯಾವುದೈತಿ?" ಎನ್ನುವರು. ಪೆಟ್ರೋಲ್ ಎಂದರೆ, "ಖರೇನಾ? ಇನ್ನೊಂದ್ಸಲ ಮೂಸ್ರಿ" ಎಂದು ನಮ್ಮ ಮೂಗಿನ ಮೇಲೇ ಅನುಮಾನಪಡುವರು.

ಗದ್ದೆಗೆ ಔಷಧ ಹೊಡೆಯುವ, ಬೆನ್ನಿಗೆ ಹೊರುವ ಮಷಿನ್ನುಗಳನ್ನು ರಿಪೇರಿ ಮಾಡುವುದು ಅವರ ಕಸುಬು. ಅವರ ಪ್ರಕಾರ ಆ ಅಂಗಡಿಗೆ ಕೆಟ್ಟ ಎಂಜಿನ್ ಒಮ್ಮೆಯೂ ಬಂದಿರಲಿಲ್ಲ, ಬಂದವರೆಲ್ಲ ಕೆಟ್ಟ ಮಾಲೀಕರು. "ಎಂಜಿನ್ ಶರೀಫ್ ಐತ್ರಿ, ನಡಸೋರ್ದ ತಕರಾರು."

ಮಸ್ಕಿಯಲ್ಲಿ ವಿಜ್ಞಾನದ ಮಾಸ್ತರನಾದ ನನಗೆ ನಲವತ್ತೈದನೇ ವಯಸ್ಸಿನಲ್ಲಿ ರಿಮೋಟ್ ವಿಮಾನದ ಹುಚ್ಚು ಹಿಡಿಯಿತು. ಹಗುರ ಕಟ್ಟಿಗೆಗೆ ಆರು ತಿಂಗಳು ಅಂಟು ಮೆತ್ತಿ, ಕಲಿಯುವವರ ವಿಮಾನವೊಂದನ್ನು ಕಟ್ಟಿದ್ದೆ. ಹಾರಿಸಲು ಬರುತ್ತಿರಲಿಲ್ಲ, ಆದರೆ ಶಾಲೆಯಲ್ಲೆಲ್ಲ ಹೇಳಿಕೊಂಡಾಗಿತ್ತು. ಎಂಜಿನ್ ಒಂದೇ ಬಾಕಿ. ಹೊಸಬರಿಗೆ ಸಣ್ಣ, ನಂಬಿಕೆಯ ಎಂಜಿನ್ ಸಾಕೆಂದು ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆಮೇಲೂ ಮಿಸ್ತ್ರಿಯ ಸಲಹೆ ಕೇಳಿದ್ದು ನನ್ನ ಅತಿಬುದ್ಧಿ.

ಅವರು ವಿಮಾನವನ್ನು ಎತ್ತಿ ತೂಗಿ ನೋಡಿದರು. "ಇದ್ರಾಗ ಎಣ್ಣಿ ಎಷ್ಟು ಹಿಡೀಬೇಕ್ರಿ?"

"ಕಾಲು ಲೀಟರ್ ಸಾಕ್ರಿ ಸಾಬ್ರ."

"ಕಾಲು ಲೀಟರ್‌ದಾಗ ಒಂದ್ ಮಡಿನೂ ಮುಗಿಯಂಗಿಲ್ಲ ತಗೀರಿ. ಬಿಟ್ಟ್ ಹೋಗ್ರಿ, ನಾ ನೋಡ್ತೀನಿ."

ನಮ್ಮ ಸೀಮೆಯಲ್ಲಿ ಮಡಿ ಎಂದರೆ ಗದ್ದೆಯ ಪಾತಿ, ಎಣ್ಣಿ ಎಂದರೆ ಬೆಳೆಗೆ ಹೊಡೆಯುವ ವಿಷ. ನನಗೋ ಅದು ಈ ಪುಟ್ಟ ಎಂಜಿನ್ನುಗಳು ಕುಡಿಯುವ, ಔಡಲೆಣ್ಣೆ ಬೆರೆಸಿದ ಇಂಧನವಾಗಿ ಕೇಳಿಸಿತು. ಹುಟ್ಟಿದಾಗಿನಿಂದ ಬಲ್ಲ ಮಾತನ್ನು ಬೇಕಾದ ಹೊತ್ತಿಗೆ ಸರಿಯಾಗಿ ಮರೆಯಲು ಎಷ್ಟೊಂದು ಓದಿರಬೇಕು!

ವಾರ ಬಿಟ್ಟು ಹೋದರೆ ನನ್ನ ವಿಮಾನದ ಮೂತಿಗೆ ಔಷಧದ ಮಷಿನ್ನಿನ ಇಡೀ ಎಂಜಿನ್ ಕೂತಿತ್ತು. ಹೊಟ್ಟೆಯಡಿ ಎರಡು ಲೀಟರಿನ ಡಬ್ಬಿ, ರೆಕ್ಕೆಗೆ ನಾಲ್ಕು ನಾಜಲ್. ಗುಬ್ಬಿಯ ಕೊರಳಿಗೆ ಒಳಕಲ್ಲು ಕಟ್ಟಿದಂತಿತ್ತು.

"ನನ್ನ ಸ್ವಂತ ಮಷಿನ್ದು ಬಿಚ್ಚಿ ಹಾಕೀನ್ರಿ ಮಾಸ್ತರ್ರ" ಎಂದರು. ಆ ಮುಖದ ಖುಷಿ ನೋಡಿ ಪುಸ್ತಕದ ಮಾತು ಬಿಟ್ಟು, ಹಾರಿಸುವ ದಿನ ಗೊತ್ತು ಮಾಡಿದೆ.

ಬಳಗಾನೂರಿನ ಕೊಯ್ಲಾದ ಗದ್ದೆಯಲ್ಲಿ, ಡಬ್ಬಿಗೆ ನೀರು ತುಂಬಿ ಬಿಟ್ಟೆವು. ವಿಮಾನ ಟ್ರ್ಯಾಕ್ಟರಿನಂತೆ ಗುಡುಗುತ್ತ ಇಪ್ಪತ್ತು ಹೆಜ್ಜೆ ಓಡಿ, ಮೂತಿಯನ್ನು ನೆಲಕ್ಕೆ ಹೂತು, ಬಾಲ ಎತ್ತಿ ನಿಂತಿತು. ಒಂದು ರೆಕ್ಕೆ ಮುರಿಯಿತು.

"ಎಂಜಿನ್ ಶರೀಫ್ ಐತ್ರಿ" ಎಂದರು ಮಿಸ್ತ್ರಿ. "ವಿಮಾನನ ಬಾಳ ಸೊರಗೈತಿ."

ಆರು ತಿಂಗಳ ಕೆಲಸ. ಕೂಗಿಬಿಟ್ಟೆ: "ಇದು ಸುಮ್ನ ಹಾರಸೋದ್ರಿ ಸಾಬ್ರ! ಎಣ್ಣಿ ಹೊಡಿಯೋದಲ್ಲ!"

ಅವರು ಬದುವಿನ ಮೇಲೆ ಕೂತರು. "ಅಂಗಡಿ ಹಾಕೂಕಿಂತ ಮೊದ್ಲ ಹತ್ತು ವರ್ಷ ಇದ ಗದ್ಯಾಗ ಕೂಲಿಗೆ ಎಣ್ಣಿ ಹೊಡದೀನ್ರಿ. ಮೂಗು ಇಲ್ಲೇ ಬಿಟ್ಟು ಹೋಗೀನಿ. ಇದು ಮ್ಯಾಲಿಂದ ಹೊಡದ್ರ ಮಂದಿ ಒಳಗ ಇಳಿಯೋದು ತಪ್ಪತೈತಿ ಅಂದ್ಕೊಂಡಿದ್ದೆ."

ನನಗೆ ನಾಚಿಕೆಯಾಯಿತು. ಆ ಮೂಗಿನ ಮೇಲೆ ನಾನು ಕಟ್ಟಿದ್ದ ತಮಾಷೆಗಳಿಗೆ ಮಸ್ಕಿಯ ಸ್ಟಾಫ್ ರೂಮೆಲ್ಲ ನಕ್ಕಿತ್ತು.

ಮುಂದೆ ರೆಕ್ಕೆಯನ್ನು ಮತ್ತೆ ಅಂಟಿಸಿ, ಲಿಂಗಸುಗೂರಿನಲ್ಲಿ ಇಂಥ ವಿಮಾನ ಹಾರಿಸುವ ಗೆಳೆಯನಿಂದ ಮುಷ್ಟಿಯಷ್ಟು ದೊಡ್ಡ ಎಂಜಿನ್ ತಂದೆ. ಮಿಸ್ತ್ರಿಯೇ ಅದನ್ನು ಕೂರಿಸಿದರು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಕೆಯನ್ನು ಕಿವಿಗೆ ಇಟ್ಟು ಆಲಿಸಿ, "ಮಾಸ್ತರ್ರಂಗ ಐತಿ. ಸಣ್ಣದು, ಒದರೋದು ಬಾಳ" ಎಂದು ತೀರ್ಪು ಕೊಟ್ಟರು.

ಗೆಳೆಯ ಹಾರಿಸಲು ಕಲಿಸಿಕೊಟ್ಟ, ವಿಮಾನ ಹಾರಿತು. ನೋಡಲು ಅವರಿಗೆ ಬರಲಾಗಲಿಲ್ಲ. ಉಸಿರಿನ ತೊಂದರೆಯಿಂದ ಹಾಸಿಗೆ ಹಿಡಿದಿದ್ದರು. ಮರುದಿನ ವಿಮಾನವನ್ನೇ ಅವರ ಮನೆಗೆ ಹೊತ್ತುಕೊಂಡು ಹೋದೆ. ಎಂಜಿನ್ ಸವರಿ, ಬೆರಳಿಗೆ ಅಂಟಿದ ಜಿಡ್ಡನ್ನು ನನ್ನ ಮೂಗಿಗೆ ಹಿಡಿದರು.

"ಮೂಸಿ ನೋಡ್ರಿ. ಯಾವ ಎಣ್ಣಿ?"

"ಔಡಲೆಣ್ಣಿರೀ ಸಾಬ್ರ."

"ಖರೇನಾ?"

ಇನ್ನೊಮ್ಮೆ ಮೂಸಿದೆ. "ಖರೇನ ರೀ."

"ಹಂಗಾರ ಹಾರಸ್ರಿ."

ಅವರು ಹೋಗಿ ಎರಡು ವರ್ಷವಾಯಿತು. ನನ್ನ ಮೂಗು ಚೆನ್ನಾಗಿಯೇ ಇದೆ. ಆದರೂ ಡಬ್ಬಿಯ ಮುಚ್ಚಳ ತೆಗೆದಾಗಲೆಲ್ಲ ಎರಡು ಸಲ ಮೂಸುತ್ತೇನೆ.