ಮೈಲಿಗೆ ಹರಿಯದ ತಂತಿ

ಕುಷ್ಟಗಿಯ ಸಾಹುಕಾರರೊಬ್ಬರ ಅಂಗಡಿಯಲ್ಲಿ ಬ್ಯಾಟರಿ ರೇಡಿಯೊ ಇತ್ತು. ಅವರ ತಾಯಿಗೆ ಭಜನೆ ಕೇಳುವ ಆಸೆ. ಆದರೆ ಅಂಗಡಿಗೆ ಬಂದರೆ ಮಡಿ ಕೆಡುತ್ತದೆ. ಅವರು ಮಡಿಯಲ್ಲಿ ಕೂರುವ ಅಡುಗೆಮನೆತನಕ ಮುಟ್ಟುವಷ್ಟು ಉದ್ದದ ಹೆಡ್‌ಫೋನ್ ತಂತಿ ಆ ಎರಡನೇ ಮಹಾಯುದ್ಧದ ಕಾಲದಲ್ಲಿ ಎಲ್ಲಿ ಸಿಗಬೇಕು? ರೇಡಿಯೊ ರಿಪೇರಿಯವನಾದ ನಾನೇ ಮನೆಯಲ್ಲಿ ಕೂತು ತಾಮ್ರದ ಎಳೆಗಳಿಗೆ ಹತ್ತಿಯ ನೂಲು ಸುತ್ತಿ, ಮೇಣ ತಿಕ್ಕಿ, ಹೊಸೆದೆ. ಮೂರು ದಿನ ಹಿಡಿಯಿತು.

ಸಾಹುಕಾರರ ತಾಯಿ, ಆ ಅಜ್ಜಿ, ತಂತಿ ನೋಡಿದವರೇ ಹಿಂದೆ ಸರಿದರು.

"ನೂಲು ಸುತ್ತೀಯೇನೋ ತಮ್ಮಾ? ನಾ ಮಡೀಲೆ ಅದೀನಿ. ನೂಲಿಗೆ ಮೈಲಿಗಿ ಹತ್ತತೈತಿ, ರೇಷ್ಮಿ ಸುತ್ತು."

"ಒಳಗಿನ ತಾಮ್ರ ನಡೀತೈತೇನ್ರಿ?"

"ನನ್ನ ತಂಬಿಗಿನೂ ತಾಮ್ರದ್ದ ಐತಲ್ಲ!"

ಕರೆಂಟು ಯಾವುದರಲ್ಲಿ ಹರಿಯುತ್ತದೆ, ಯಾವುದರಲ್ಲಿ ಹರಿಯುವುದಿಲ್ಲ ಎಂದು ಕಲಿತಿದ್ದೆ. ಮೈಲಿಗೆ ಹರಿಯುವ ಲೆಕ್ಕ ನನಗೆ ಯಾರೂ ಹೇಳಿರಲಿಲ್ಲ. ಅವರದೇ ಹಳೆಯ ಇಳಕಲ್ ಸೀರೆಯ ರೇಷ್ಮೆ ಸೆರಗು ಬಿಚ್ಚಿ, ಎಳೆ ಎಳೆಯಾಗಿ ಮತ್ತೆ ಮೊದಲಿಂದ ಸುತ್ತಿದೆ. ಹೆಡ್‌ಫೋನಿಗೂ ರೇಷ್ಮೆಯ ಗವಸು ಹೊಲಿದೆ.

ಅಜ್ಜಿ ಕಿವಿಗಿಟ್ಟುಕೊಂಡರು. ಮುಖ ಅರಳಿತು. ಸ್ವಲ್ಪ ಹೊತ್ತಿಗೇ ಹುಬ್ಬು ಗಂಟಿಕ್ಕಿ ನನ್ನ ಕಡೆ ತಿರುಗಿದರು.

"ಹಾಡಾಕ ಹತ್ಯಾನಲ್ಲ, ಅಂವ ಜಳಕ ಮಾಡ್ಯಾನೇನು?"

ಮುಂಬಯಿ ರೇಡಿಯೊ ಸ್ಟೇಷನ್ನಿನಲ್ಲಿ ಕೂತು ಹಾಡುವವನ ಜಳಕದ ಸುದ್ದಿ ನನಗೆ ಹೇಗೆ ಗೊತ್ತಿರಬೇಕು? "ಮಾಡ್ಯಾರ್ರಿ ಅವ್ವಾರ" ಎಂದುಬಿಟ್ಟೆ. ಅವರು ನಿಶ್ಚಿಂತೆಯಿಂದ ಮತ್ತೆ ಕೇಳತೊಡಗಿದರು.

ರೇಷ್ಮೆ ಸುತ್ತಿ ಮುಗಿಸುವ ಅವಸರದಲ್ಲಿ ಅವತ್ತು ಜಳಕ ಮಾಡದೆ ಓಡಿಬಂದಿದ್ದವನು ನಾನು. ಅದನ್ನು ಯಾರೂ ಕೇಳಲಿಲ್ಲ.