ಹಾಲು ಉಕ್ಕಿದ ಟೇಪು

ಎದುರಿಗೆ ಯಾರೇ ಬಂದು ನಿಂತರೂ ಅವರು ಮುಖ ಕೊಡುತ್ತಿರಲಿಲ್ಲ, ಬಲಗಿವಿ ಕೊಡುತ್ತಿದ್ದರು. ಕತ್ತು ಎಡಕ್ಕೆ ತಿರುಗಿ, ಕಣ್ಣು ಎಲ್ಲೋ ಗೋಡೆಯ ಮೇಲೆ ನೆಟ್ಟು, ಕಿವಿಯಂಚಿನಲ್ಲಿ ಬೆಳೆದ ನಾಲ್ಕು ಬಿಳಿಕೂದಲು ಮಾತ್ರ ನಮ್ಮ ಕಡೆಗೆ. ಎಡಗಿವಿಯನ್ನು ಅವರು ಊರಿನ ಮದುವೆಗಳಿಗೆ ಕೊಟ್ಟುಬಿಟ್ಟಿದ್ದರು. ವರ್ಷಗಟ್ಟಲೆ ಮೈಕಿನ ತಗಡಿನ ಹಾರ್ನಿನ ಪಕ್ಕದಲ್ಲೇ ನಿಂತು ಅದು ಪೂರ್ತಿ ಕಿವುಡಾಗಿತ್ತು. ಗೊತ್ತಿಲ್ಲದವರು ಎಡಗಡೆ ನಿಂತು ಮಾತಾಡಿದರೆ ತೋಳು ಹಿಡಿದು ಬಲಕ್ಕೆ ಸರಿಸಿ, "ಈ ಕಡೆ ಅಂಗಡಿ ತೆಗ್ದೈತ್ರೀ, ಆ ಕಡೆ ಬಾಗ್ಲಾ ಹಾಕೈತೆ" ಎನ್ನುತ್ತಿದ್ದರು.

ಹೊನ್ನಾಳಿಯಲ್ಲಿ ಅವರದು ರೇಡಿಯೋ ರಿಪೇರಿ ಅಂಗಡಿ, ಜೊತೆಗೆ ಮೈಕ್ ಸೆಟ್ಟಿನ ಬಾಡಿಗೆ. ಮದುವೆಯಿರಲಿ, ಗಣಪತಿಯಿರಲಿ, ಚುನಾವಣೆಯಿರಲಿ, ಹಾರ್ನ್ ಕಟ್ಟುವವರು ಅವರೇ. ನಾವು ಮೈಕಿನಣ್ಣ ಎನ್ನುತ್ತಿದ್ದೆವು. ನಲವತ್ತರ ಹತ್ತಿರ ಬಂದರೂ ಲಗ್ನವಾಗಿರಲಿಲ್ಲ. ಅವರಿನ್ನೂ ಕೈಗೂಸಾಗಿದ್ದಾಗಲೇ ಹೆತ್ತ ತಾಯಿ ಹೋಗಿದ್ದರಂತೆ. ನಮ್ಮ ಅವ್ವ ಹಬ್ಬಕ್ಕೊಮ್ಮೆ ಅವರನ್ನು ಕರೆದು ಹೋಳಿಗೆ ಬಡಿಸುತ್ತಿದ್ದಳು. ಅಷ್ಟು ಬಳಕೆ ಇದ್ದ ಮನುಷ್ಯ. ಅದಕ್ಕೇ ಇಷ್ಟು ವರ್ಷವಾದರೂ ಅವರ ಮೇಲಿನ ನನ್ನ ಸಿಟ್ಟು ತಣ್ಣಗಾಗಿಲ್ಲ.

ನನ್ನ ಹತ್ತಿರ ಒಂದು ಗಿಟಾರ್ ಇತ್ತು. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ಗುಂಡನ್ನು ಜಾರಿಸುತ್ತ ನುಡಿಸುವ ಬಗೆಯದು, ಕರೆಂಟಿನ ಗಿಟಾರು. ಸೋದರಮಾವ ಮುಂಬೈಯಲ್ಲಿ ವಾದ್ಯಗೋಷ್ಠಿಯೊಂದರಲ್ಲಿದ್ದವನು, ನೌಕರಿ ಸಿಕ್ಕಮೇಲೆ ಅದನ್ನು ನನಗೆ ಕೊಟ್ಟು, ರಜೆಗೆ ಬಂದಾಗಲೆಲ್ಲ ಕಲಿಸಿದ. ಆಂಪ್ಲಿಫೈಯರ್ ಇಲ್ಲದೆ ಅದರ ದನಿ ಸೊಳ್ಳೆಯ ದನಿಗಿಂತ ದೊಡ್ಡದಲ್ಲ. ನನಗೋ ಮನೆಯಲ್ಲೇ ಟೇಪ್ ಮಾಡಿ ನನ್ನ ಕೈ ಹೇಗಿದೆ ಎಂದು ಕೇಳುವ ಹುಚ್ಚು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮನೆಯಲ್ಲಿ ಹೊಸದಾಗಿ ಟೇಪ್ ರೆಕಾರ್ಡರ್ ಬಂದಿತ್ತು. ಹೈಸ್ಕೂಲಿನಲ್ಲಿ ಗುಮಾಸ್ತರಾಗಿದ್ದ ಅಪ್ಪ ಒಂದೇ ಷರತ್ತು ಹಾಕಿದರು: "ಬಾರ್ಸು, ಬ್ಯಾಡ ಅನ್ನಲ್ಲ. ಆದ್ರೆ ಸದ್ದು ಕಾಂಪೌಂಡ್ ದಾಟ್ಬಾರ್ದು. ನಾಳೆ ಗಂಡಿನ ಕಡೇರು ಬಂದಾಗ, ಆ ಹುಡುಗಿ ಆರ್ಕೆಸ್ಟ್ರಾದೋಳಂತೆ ಅನ್ನೋ ಮಾತು ಬರಬಾರ್ದು. ಬಂದ ದಿನ ಅದು ಅಟ್ಟ ಹತ್ತುತ್ತೆ."

ಮೈಕಿನಣ್ಣನ ಅಂಗಡಿಗೆ ಅವ್ವನ ಜೊತೆ ಹೋಗಿ ಅಪ್ಪನ ಷರತ್ತು ಹೇಳಿದೆ. ಮೇಜಿನ ಮೇಲೆ ಅವರು ಮೂರು ಪೆಟ್ಟಿಗೆ ಇಟ್ಟರು. ಮದುವೆಗೆ ಒಯ್ಯುವ ಐವತ್ತು ವಾಟಿನದು, ಭಜನೆ ಮಂಡಳಿಯವರು ಹಿಂದಿರುಗಿಸಿದ್ದ ಟ್ರಾನ್ಸಿಸ್ಟರಿನದು, ಮತ್ತೆ ಮರದ ಮೈಯ ಹಳೆಯ ವಾಲ್ವ್ ರೇಡಿಯೋ. ನಾನು ಐವತ್ತರ ಮೇಲೆ ಕೈಯಿಟ್ಟೆ. ದೊಡ್ಡದು ತೊಗೊಂಡು ಸಣ್ಣಗೆ ಇಟ್ಟುಕೊಂಡರಾಯಿತಲ್ಲ ಎಂಬ ಲೆಕ್ಕ ನನ್ನದು.

"ಆನಿಗೆ ಪಿಸುಮಾತು ಕಲ್ಸಾಕೆ ಹೋಗ್ತೀಯಲ್ಲ ತಂಗಿ," ಎಂದು ನಕ್ಕರು.

ಮೂರನ್ನೂ ಒಂದೊಂದಾಗಿ ಹಾಕಿ ನುಡಿಸಲು ಹೇಳಿದರು. ಐವತ್ತು ವಾಟಿನದನ್ನು ಮನೆಗೆ ತಕ್ಕಷ್ಟು ತಗ್ಗಿಸಿದರೆ ಗಿಟಾರು ಗೋಡೆಯಾಚೆ ಯಾರೋ ನುಡಿಸಿದಂತೆ ಸಪ್ಪೆ. ಟ್ರಾನ್ಸಿಸ್ಟರಿನದರಲ್ಲಿ ತಂತಿ ಮೀಟಿದ್ದು ಮಾತ್ರ ಕೇಳಿ, ಜಾರಿದ್ದು ಒಣಗಿಹೋಗುತ್ತಿತ್ತು. ಕೊನೆಗೆ ರೇಡಿಯೋದ ಬೆನ್ನಿಗೆ, ಗ್ರಾಮಫೋನ್ ಸೇರಿಸಲೆಂದು ಇರುವ ತೂತಿಗೆ ನನ್ನ ಗಿಟಾರಿನ ವೈರು ಸಿಕ್ಕಿಸಿದರು. ಮೂರು ವಾಟು ಅಷ್ಟೆ. "ಬಿಸಿ ಆಗಾಕೆ ಬಿಡು" ಎಂದು ಕಾಯಿಸಿ, ದನಿ ಏರಿಸುವ ಅದರ ಕಿವಿಯನ್ನು ಪೂರ್ತಿ ತಿರುವಿದರು. ಆ ಪುಟ್ಟ ಪೆಟ್ಟಿಗೆ ತನ್ನ ಇದ್ದಬದ್ದ ಉಸಿರನ್ನೆಲ್ಲ ಹಾಕಿ ಹಾಡತೊಡಗಿತು. ದನಿಯ ಅಂಚು ಕೊಂಚ ಒಡೆದು, ಅತ್ತು ಮುಗಿಸಿದವರ ಮಾತಿನಂತೆ ಕೇಳಿಸಿತು. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇದು ನಿಮ್ಮ ಕಾಂಪೌಂಡ್ ದಾಟಲ್ಲ. ಟೇಪಿಗೆ ಮಾತ್ರ ಸಾಕಾಗುವಷ್ಟು ಐತೆ. ಒಳಗಿಂದು ಒಳಗೇ ಇರ್ತೈತೆ," ಎಂದರು ಅಣ್ಣ. ಆ ಮಾತಿನಿಂದಲೇ ನಾನು ಅದನ್ನು ಆರಿಸಿದ್ದು.

ಮನೆಗೆ ಬಂದು ಅದನ್ನು ಇಟ್ಟುಕೊಟ್ಟವರೂ ಅವರೇ. ಮೂಲೆಯಲ್ಲಿಟ್ಟರೆ ಗುಮ್ಮೆನ್ನುತ್ತದೆ ಎಂದು ನಡುಮನೆಗೆ ತಂದರು. ಹಿಂದೆ ಕೌದಿ ಇಳಿಬಿಡಿಸಿದರು. ಟೇಪ್ ರೆಕಾರ್ಡರನ್ನು ಎದುರಿಗಿಡದೆ, ಪಕ್ಕಕ್ಕೆ ಸ್ಟೂಲಿನ ಮೇಲಿಟ್ಟು, "ದನಿ ನಡ್ಕೊಂಡು ಬರ್ಲಿ, ಬಂದು ಡಿಕ್ಕಿ ಹೊಡೀಬಾರ್ದು" ಎಂದರು. ಮಧ್ಯಾಹ್ನ ಕರೆಂಟು ಏರಿಳಿಯದ ಹೊತ್ತಿನಲ್ಲಿ ನುಡಿಸು, ಫ್ಯಾನು ಆರಿಸು, ನುಡಿಸಿ ಮುಗಿದ ಮೇಲೂ ಕೈಯೆತ್ತಬೇಡ, ದನಿ ಸಾಯುವತನಕ ಕಾಯಿ. ನನಗೆ ಕೇಳಲು ಕಲಿಸಿದವರು ಅವರು. ಇದನ್ನು ನಾನು ಯಾವತ್ತೂ ಇಲ್ಲವೆನ್ನಲಾರೆ.

ಒಂದು ಮಧ್ಯಾಹ್ನ ಅವ್ವ ಒಲೆಯ ಮೇಲೆ ಹಾಲಿಟ್ಟು, ನೋಡಿಕೋ ಎಂದು ಹಿತ್ತಲಿಗೆ ಹೋದಳು. ನಾನು ಟೇಪು ಹಾಕಿ ನುಡಿಸಲು ಕುಳಿತೆ. ಅಂದು ಕೈ ಎಂದೂ ಓಡದ ಹಾಗೆ ಓಡಿತು. ಕೊನೆಯ ತಂತಿಯ ದನಿ ಇನ್ನೇನು ಸಾಯಬೇಕು, ಅಷ್ಟರಲ್ಲಿ ಅಡುಗೆಮನೆಯಿಂದ ಅವ್ವ, "ಅಯ್ಯೋ ನನ್ನ ತಾಯೇ, ಹಾಲೆಲ್ಲ ಉಕ್ಕಿ ಹೋತಲ್ಲ, ಯಾವ ಲೋಕದಾಗಿದ್ದೀಯ!" ಎಂದು ಕೂಗಿದಳು. ಒಲೆ ಒರೆಸಿ ಬಂದು ಟೇಪು ಕೇಳಿದರೆ ನುಡಿಸಿದ್ದೆಲ್ಲ ಚಿನ್ನ, ಕೊನೆಗೆ ಅವ್ವನ ಬೈಗುಳ. ಮತ್ತೆ ನುಡಿಸಲು ಹೋದರೆ ಆ ಕೈ ಬರಲಿಲ್ಲ.

ಟೇಪನ್ನು ಅಣ್ಣನಿಗೆ ಕೊಟ್ಟೆ. ಅವ್ವನ ದನಿ ಬಿಟ್ಟು ಉಳಿದದ್ದನ್ನು ಇನ್ನೊಂದಕ್ಕೆ ಇಳಿಸಿಕೊಡುತ್ತೇನೆಂದರು. ನನ್ನ ಎದುರೇ ಹಾಕಿ ಕೇಳಿ, ಆ ಬೈಗುಳ ಬಂದಾಗ ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿ ನಕ್ಕರು. "ನಮ್ಮವ್ವನೂ ಹಿಂಗೇ ಬೈತಿದ್ಲೋ ಏನೋ. ನಂಗೆ ದನೀನೇ ನೆನಪಿಲ್ಲ," ಎಂದರು. ವಾರ ಕಳೆದು ಶುದ್ಧವಾದ ಕ್ಯಾಸೆಟ್ ಕೊಟ್ಟರು. ಮೊದಲಿನದು ಎಲ್ಲಿ ಎಂದು ನಾನು ಕೇಳಲಿಲ್ಲ. ನಮ್ಮ ಮನೆಯ ಹೋಳಿಗೆ ತಿಂದವರನ್ನು ಯಾರು ಹಾಗೆಲ್ಲ ಕೇಳುತ್ತಾರೆ?

ಆ ಬೇಸಿಗೆಯಲ್ಲಿ ಬಸವಾಪಟ್ಟಣದಲ್ಲಿ ದೊಡ್ಡಪ್ಪನ ಮಗಳ ಮದುವೆ. ಹಾರ್ನ್ ಕಟ್ಟಲು ಮೈಕಿನಣ್ಣನೇ ಬಂದಿದ್ದರು. ನಮ್ಮ ಕಡೆ ಮದುವೆಗಳಲ್ಲಿ ಬೆಳಗ್ಗೆಯೆಲ್ಲ ಸಿನಿಮಾ ಹಾಡು ಅರಚಿದರೂ ಊಟದ ಹೊತ್ತಿಗೆ ಹಿರಿಯರು, "ಪ್ರೇಮ ಗೀಮ ಸಾಕು, ಬರೀ ವಾದ್ಯ ಹಾಕ್ರಪ್ಪ" ಎನ್ನುತ್ತಾರೆ. ಬೇರೆ ಮೈಕಿನವರ ಬಳಿ ಸವೆದ ಶಹನಾಯಿ ಪ್ಲೇಟು ಬಿಟ್ಟರೆ ಗತಿಯಿರಲಿಲ್ಲ. ಅಣ್ಣನ ಬಳಿ ಹೊಸದೇನೋ ಇದೆ ಎಂದು ಜನ ಆಡಿಕೊಳ್ಳುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು.

ಪಂಕ್ತಿಯಲ್ಲಿ ನಾನೂ ಅವ್ವನೂ ಅಕ್ಕಪಕ್ಕ ಕುಳಿತಿದ್ದೆವು. ಎದುರು ಸಾಲಿನಲ್ಲಿ ಅಪ್ಪ. ಎಲೆಗೆ ಬೂಂದಿ ಬಿತ್ತು, ಬೇವಿನ ಮರದ ಮೇಲಿನ ಹಾರ್ನಿನಿಂದ ಗಿಟಾರು ಶುರುವಾಯಿತು. ಮೊದಲ ಜಾರಿನಲ್ಲೇ ನನ್ನ ಕೈ ನನಗೆ ಗುರುತು ಸಿಕ್ಕಿತು. ನಮ್ಮ ನಡುಮನೆ ದಾಟಬಾರದಿದ್ದ ಮೂರು ವಾಟು ಐವತ್ತಾಗಿ ಬಸವಾಪಟ್ಟಣದ ಹೊಲಗದ್ದೆಗಳ ಮೇಲೆಲ್ಲ ಹೋಗುತ್ತಿತ್ತು. ಪಕ್ಕದವರು, "ಯಾರೋ ಭೇಷ್ ಬಾರ್ಸ್ಯಾನೆ ಬಿಡ್ರೀ" ಎಂದರು. ನಾಚಿಕೆ, ಭಯ, ಅದರ ನಡುವೆ ಒಂದು ಚೂರು ಹೆಮ್ಮೆಯೂ ಆಯಿತು.

ಟೇಪು ಹಾಕಿದ ಅಣ್ಣ ತಾವೂ ಪಂಕ್ತಿಯ ಕೊನೆಯಲ್ಲಿ ಊಟಕ್ಕೆ ಕುಳಿತಿದ್ದರು. ಮೈಕಿನವರು ಮಾಡುವ ತಪ್ಪೇ ಅದು, ಟೇಪು ಬಿಟ್ಟು ಎಲೆಯ ಮುಂದೆ ಕೂರುವುದು. ಕೊನೆಯ ತಂತಿ ಸಾಯುತ್ತಿದ್ದ ಹಾಗೇ ಹಾರ್ನು ಊರಿಗೆಲ್ಲ ಕೇಳುವಂತೆ ಒದರಿತು: "ಅಯ್ಯೋ ನನ್ನ ತಾಯೇ, ಹಾಲೆಲ್ಲ ಉಕ್ಕಿ ಹೋತಲ್ಲ, ಯಾವ ಲೋಕದಾಗಿದ್ದೀಯ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಡಿಸುವವನು ಸೌಟು ಹಿಡಿದು ನಿಂತುಬಿಟ್ಟ. ನಮ್ಮ ಕಡೆಯ ನಾಲ್ಕಾರು ಹೆಂಗಸರು ನಗುವುದನ್ನು ನಿಲ್ಲಿಸಿ ಅವ್ವನ ಮುಖ ನೋಡಿದರು. ಅವ್ವ ಎಲೆಯ ಮೇಲೆ ಬಗ್ಗಿದವಳು ತಲೆಯೆತ್ತಲಿಲ್ಲ.

ಅಪ್ಪ ಎದ್ದು ಕೈತೊಳೆದು ಅಣ್ಣನ ಹತ್ತಿರ ಹೋಗಿ ದನಿ ತಗ್ಗಿಸಿ ಕೇಳಿದರು. "ಇದೇನ್ರೀ ಇದು? ನಮ್ಮ ಹುಡುಗಿ ಬಾರ್ಸಿದ್ದಲ್ಲೇನ್ರೀ?"

ಅಣ್ಣ ಕತ್ತು ತಿರುಗಿಸಿದರು. ಆ ದಿನ ಬಲಕ್ಕೆ ತಿರುಗಿಸಿದರು. ಅಪ್ಪನಿಗೆ ಸಿಕ್ಕಿದ್ದು ಬಾಗಿಲು ಹಾಕಿದ ಕಿವಿ. ಅಪ್ಪ ಸಿಟ್ಟು ತಡೆಯದೆ ಮತ್ತೆ ಗಟ್ಟಿಯಾಗಿ ಕೇಳಿದ ಮೇಲೆ, ಸುತ್ತ ನೆರೆದವರ ಕಡೆ ನೋಡುತ್ತ ಹೇಳಿದರು: "ಏ, ನಿಮ್ಮ ಹುಡುಗೀದು ಎಲ್ಲೀದ್ರೀ? ಇದು ದಾವಣಗೆರೆ ಆರ್ಕೆಸ್ಟ್ರಾ ಪಾರ್ಟಿ ಹುಡುಗಂದು. ಹಾಲು ಯಾರ ಮನ್ಯಾಗೆ ಉಕ್ಕಲ್ಲ ಹೇಳ್ರಿ?"

ಜನ ಮತ್ತೆ ನಕ್ಕರು. ಅದು ನನ್ನದೆಂದು ನಾನು ಬಾಯಿಬಿಟ್ಟಿದ್ದರೆ ಅಪ್ಪನ ಮರ್ಯಾದೆ ಅಲ್ಲೇ ಹೋಗುತ್ತಿತ್ತು. ನನ್ನ ಬಾಯಿಗಿದ್ದ ಆ ಕಟ್ಟನ್ನು ಚೆನ್ನಾಗಿ ಬಲ್ಲವರೇ ಅದನ್ನು ಆಸರೆಯಾಗಿ ಹಿಡಿದಿದ್ದರು. ಇನ್ನೊಬ್ಬರು ಮೋಸ ಮಾಡಿದರೆ ಬಯ್ದು ಹಗುರಾಗಬಹುದು. ಇವರ ಮುಂದೆ ನಾನು ತುಟಿ ಹೊಲಿದುಕೊಂಡು ನಿಂತೆ.

ಮನೆಗೆ ಬಂದ ಅಪ್ಪ ಕೂಗಾಡಲಿಲ್ಲ. "ನಿಂದಲ್ಲ ಅಂದ್ನಲ್ಲ, ಹಂಗೇ ಆಗ್ಲಿ. ಇನ್ನು ನಿಂದು ಅನ್ನೋದೂ ಬ್ಯಾಡ," ಎಂದರು. ಗಿಟಾರು, ರೇಡಿಯೋ ಎರಡೂ ಅಟ್ಟ ಹತ್ತಿದವು.

ತಡೆಯಲಾರದೆ ಒಂದು ದಿನ ಅಂಗಡಿಗೆ ಹೋದೆ. "ಯಾಕಣ್ಣ ಹಂಗಂದ್ರಿ?"

"ನಿನ್ನ ಮಾನ ಉಳ್ಸಾಕೆ, ತಂಗಿ."

"ಟೇಪು ಹಾಕಿದ್ದು ಯಾರ ಮಾನ ಉಳ್ಸಾಕೆ?"

ಅವರು ಯಾವುದೋ ರೇಡಿಯೋದೊಳಗೆ ತಲೆ ಹುದುಗಿಸಿದರು. ಬಲಗಿವಿಯೇ ನನ್ನ ಕಡೆ ಇತ್ತು. ಆದರೂ ಕೇಳಿಸಲಿಲ್ಲ.

ಮದುವೆಯಾಗಿ ಜಗಳೂರಿಗೆ ಬಂದೆ. ಸೊಕ್ಕೆಯಲ್ಲಿ ಗಂಡನ ಸಂಬಂಧಿಕರ ಮದುವೆಗೆ ಹೋದರೆ ಅಲ್ಲೂ ನನ್ನ ಗಿಟಾರು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿದು ಇಳಿದು ದನಿ ಸವೆದಿತ್ತು. ಕೊನೆಯಲ್ಲಿ ಅವ್ವನ ಕೂಗು ಬರುತ್ತದೆಂದು ಉಸಿರು ಹಿಡಿದೆ. ಬರಲಿಲ್ಲ. ಶುದ್ಧ ಮಾಡಿದ್ದ ಟೇಪು ಅದು. ನನ್ನದೆನ್ನಲು ಇದ್ದ ಒಂದೇ ಗುರುತೂ ಅಳಿಸಿಹೋಗಿತ್ತು. ಊರೂರಿನ ಜನ ನನ್ನ ಕೈಯನ್ನು ಕೇಳಿ ಉಂಡೆದ್ದರು, ಒಬ್ಬರಿಗೂ ಅದು ನನ್ನ ಕೈ ಎಂದು ಗೊತ್ತಿರಲಿಲ್ಲ. ಹೇಳಿದರೆ ಗಂಡನೇ ನಕ್ಕಾನೆಂದು ಸುಮ್ಮನಾದೆ.

ಎಂಬತ್ತರ ದಶಕ ಮುಗಿಯುವ ಮೊದಲೇ ಮೈಕಿನಣ್ಣ ಹೋದರು. ನ್ಯಾಮತಿಯಲ್ಲಿ ಹಾರ್ನ್ ಕಟ್ಟಲು ಹುಣಸೆ ಮರ ಹತ್ತಿದವರು ಜಾರಿ ಬಿದ್ದರಂತೆ. ಅಷ್ಟರಲ್ಲಿ ಅವ್ವನೂ ತೀರಿಕೊಂಡಿದ್ದಳು. ನಾನು ಊರು ಬಿಟ್ಟ ಮೇಲೆ ಅಣ್ಣನಿಗೆ ಲಗ್ನವಾಗಿತ್ತು. ಮಾತಾಡಿಸಿ ಬರಲು ಹೋದೆ. ಸಿಟ್ಟು ಮನೆಯಲ್ಲಿಟ್ಟು ಹೋಗಿದ್ದೆ ಎಂದರೆ ಸುಳ್ಳು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಹೋಗಿದ್ದೆ.

ಅವರ ಹೆಂಡತಿಯನ್ನು ನೋಡಿದ್ದು ಅದೇ ಮೊದಲು. ನೀರು ಕೊಟ್ಟು, ಮಾತಿಗೆ ಮಾತು ಸಿಗದೆ, ಮೂಲೆಯಲ್ಲಿದ್ದ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದಳು. ನನ್ನ ಗಿಟಾರು. ಸವೆದದ್ದಲ್ಲ, ಮೊದಲಿನದು.

"ಅವ್ರೇ ಬಾರ್ಸಿದ್ದು ಕಣಕ್ಕ, ಹುಡುಗ್ರಿದ್ದಾಗ. ಕಿವಿ ಹೋದ್ಮ್ಯಾಲೆ ಬಿಟ್ರಂತೆ," ಎಂದಳು. ಕೊನೆಯ ತಂತಿ ಸತ್ತಿತು, ಅವ್ವ ಕೂಗಿದಳು. ಸತ್ತ ಅವ್ವ, ಅದೇ ಅಡುಗೆಮನೆಯಿಂದ. ಆಕೆ ಕಣ್ಣೊರೆಸಿಕೊಂಡು, "ಇವ್ರು ನಮ್ಮತ್ತಿ. ನಾನು ಅವ್ರನ್ನ ನೋಡಿಲ್ಲ, ದನಿ ಮಾತ್ರ ಕೇಳೀನಿ. ನಮ್ಮ ಯಜಮಾನ್ರು ದಿನಾ ಹಾಕ್ಕೊಂಡು ಕೇಳ್ತಿದ್ರು," ಎಂದಳು.

ಗಿಟಾರನ್ನು ಬಿಟ್ಟುಕೊಟ್ಟು ಎಷ್ಟೋ ಕಾಲವಾಗಿತ್ತು. ಅವ್ವನನ್ನು ಬಿಟ್ಟುಕೊಡಲಾಗಲಿಲ್ಲ.

"ಅಲ್ಲ ಕಣವ್ವ," ಎಂದೆ. "ಅದು ನಮ್ಮವ್ವ. ಬಾರ್ಸಿದ್ದು ನಾನು. ಉಕ್ಕಿದ ಹಾಲು ಒರೆಸಿದ್ದೂ ನಾನೇ."

ಆಕೆ ನನ್ನನ್ನೇ ನೋಡಿದಳು. ಜಗಳ ತೆಗೆದಿದ್ದರೆ ನನಗೂ ಸುಲಭವಾಗುತ್ತಿತ್ತು. "ಹಂಗಾರೆ ನಮ್ಮತ್ತಿ ದನಿ ಯಾವ್ದಕ್ಕ?" ಎಂದು ಮೆಲ್ಲಗೆ ಕೇಳಿದಳು. ಟೇಪು ತೆಗೆದು ನನ್ನ ಕೈಗಿಟ್ಟು, ಒಳಗೆ ಹೋದಳು.

ತವರಿನ ಅಟ್ಟದಿಂದ ಗಿಟಾರನ್ನೂ ಆ ರೇಡಿಯೋವನ್ನೂ ಆಮೇಲೆ ಇಳಿಸಿಕೊಂಡು ಬಂದೆ. ಈಗಲೂ ಆ ರೇಡಿಯೋದಲ್ಲೇ ನುಡಿಸುತ್ತೇನೆ, ಬಿಸಿಯಾಗಲು ಬಿಟ್ಟು, ಕಿವಿಯನ್ನು ಪೂರ್ತಿ ತಿರುವಿ, ದನಿ ಸಾಯುವತನಕ ಕಾದು. ಮನೆಗೆ ಸಣ್ಣ ಪೆಟ್ಟಿಗೆಯೇ ಸರಿಯೆಂದು ಅವರು ಹೇಳಿದ್ದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಆ ಋಣ ನನ್ನ ಮೇಲಿದೆ, ತೀರಿಸಲಾರೆ. ಹಾಲು ಎಲ್ಲರ ಮನೆಯಲ್ಲೂ ಉಕ್ಕುತ್ತದೆ, ಅದೂ ನಿಜವೇ ಅಣ್ಣ. ಆದರೆ ಆ ಮಧ್ಯಾಹ್ನ ಉಕ್ಕಿದ್ದು ನಮ್ಮ ಮನೆಯ ಹಾಲು.